ಥೈರಾಯ್ಡ್ ಜಾಸ್ತಿಯಾದರೆ ಮೈಯಲ್ಲಿ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಿಮಗೆ ಥೈರಾಯ್ಡ್ ಇದೆ ಎಂದು ಡಾಕ್ಟರ ಹತ್ತಿರ ಕೇಳಿಸಿಕೊಂಡು ಬಂದವರು ಬಹಳ ಜನ ಇದ್ದಾರೆ. ಅದು ಜಾಸ್ತಿಯೋ ಕಮ್ಮಿಯೋ, ಯಾಕೆ ಬಂತು, ಮಾತ್ರೆ ಎಷ್ಟು ದಿನ ಎಂದು ಕೇಳಿದರೆ ಮಾತ್ರ ಹೇಳಲು ತಡವರಿಸುತ್ತಾರೆ. ಈ ಪುಟ ಇರುವುದು ಥೈರಾಯ್ಡ್ ಜಾಸ್ತಿ ಆದವರಿಗೆ ಮತ್ತು ಅವರ ಮನೆಯವರಿಗೆ. ಇಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಹಾರ್ಮೋನ್ ಜಾಸ್ತಿಯಾಗಿದೆ ಎಂದು ಗೊತ್ತಾದರೆ ಸಾಲದು, ಯಾಕೆ ಜಾಸ್ತಿಯಾಯಿತು ಎಂದೂ ಗೊತ್ತಾಗಬೇಕು. ಚಿಕಿತ್ಸೆ ಯಾವುದು ಎಂದು ತೀರ್ಮಾನ ಆಗುವುದು ಆ ಕಾರಣದಿಂದ.

ಥೈರಾಯ್ಡ್ ಎಂದರೆ ರೋಗವಾ?

ಅಲ್ಲ. ಅದು ಎಲ್ಲರಿಗೂ ಇರುವ ಒಂದು ಗ್ರಂಥಿ. ಕುತ್ತಿಗೆಯ ಮುಂಭಾಗದಲ್ಲಿ, ಗಂಟಲ ಗುಬುಟಿನ ಕೆಳಗೆ, ಶ್ವಾಸನಾಳದ ಎರಡೂ ಬದಿಗೆ ಅಂಟಿಕೊಂಡಿರುತ್ತದೆ. ದೊಡ್ಡವರಲ್ಲಿ ಇದರ ತೂಕ ಸುಮಾರು 15ರಿಂದ 25 ಗ್ರಾಂ ಅಷ್ಟೇ. ನಾವು ತಿನ್ನುವ ಆಹಾರದಲ್ಲಿರುವ ಅಯೋಡಿನ್ ಬಳಸಿಕೊಂಡು ಇದು ಟಿ4 ಮತ್ತು ಟಿ3 ಎಂಬ ಎರಡು ಹಾರ್ಮೋನ್ ತಯಾರಿಸುತ್ತದೆ. ಹೆಚ್ಚಿನ ಪಾಲು ಟಿ4. ಅದು ಮೈಯ ಬೇರೆ ಬೇರೆ ಭಾಗಗಳಲ್ಲಿ ಟಿ3 ಆಗಿ ಬದಲಾಗಿ ಕೆಲಸ ಮಾಡುತ್ತದೆ.

ಹೃದಯ ಎಷ್ಟು ಬೇಗ ಬಡಿಯಬೇಕು, ಮೈ ಎಷ್ಟು ಬಿಸಿ ಇರಬೇಕು, ತಿಂದದ್ದು ಎಷ್ಟು ಬೇಗ ಖರ್ಚಾಗಬೇಕು, ಕರುಳು ಎಷ್ಟು ಚುರುಕಾಗಿರಬೇಕು ಎಂಬುದರಲ್ಲೆಲ್ಲ ಈ ಹಾರ್ಮೋನಿನ ಕೈವಾಡ ಇದೆ. ಅದಕ್ಕೇ ಇದು ಅಳತೆ ಮೀರಿದರೆ ತೊಂದರೆ ಒಂದೇ ಕಡೆ ಕಾಣುವುದಿಲ್ಲ. ತಲೆಗೂದಲಿನಿಂದ ಉಗುರಿನ ತನಕ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಕಾಣುತ್ತದೆ.

ನನ್ನ ಟಿಎಸ್‌ಎಚ್ ತೀರಾ ಕಮ್ಮಿ ಬಂದಿದೆ. ಹಾಗಾದರೆ ಥೈರಾಯ್ಡ್ ಕಮ್ಮಿ ಎಂದಲ್ವಾ?

ಈ ಗೊಂದಲ ಸುಮಾರು ಎಲ್ಲರಿಗೂ ಆಗುತ್ತದೆ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯದ್ದಲ್ಲ. ಅದನ್ನು ಕಳಿಸುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಇನ್ನಷ್ಟು ಹಾರ್ಮೋನ್ ಮಾಡು ಎಂದು ಥೈರಾಯ್ಡಿಗೆ ಹೇಳುವ ಸಂದೇಶ ಅದು. ರಕ್ತದಲ್ಲಿ ಈಗಾಗಲೇ ಹಾರ್ಮೋನ್ ತುಂಬಿ ತುಳುಕುತ್ತಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಟಿಎಸ್‌ಎಚ್ ಇಳಿಯುತ್ತದೆ. ಹಾಗಾಗಿ ಟಿಎಸ್‌ಎಚ್ ಕಮ್ಮಿ, ಟಿ4 ಅಥವಾ ಟಿ3 ಜಾಸ್ತಿ ಇದ್ದರೆ ಥೈರಾಯ್ಡ್ ಜಾಸ್ತಿ ಎಂದರ್ಥ. ಹೈಪರ್‌ಥೈರಾಯ್ಡ್ ಅನ್ನುವುದು ಇದಕ್ಕೇ.

ಯಾವ ಯಾವ ಲಕ್ಷಣ ಕಾಣುತ್ತವೆ?

ಹಸಿವು ಚೆನ್ನಾಗಿದೆ, ಊಟ ಮೊದಲಿಗಿಂತ ಜಾಸ್ತಿಯೇ ಆಗುತ್ತಿದೆ, ಆದರೂ ಬಟ್ಟೆ ಸಡಿಲವಾಗುತ್ತಿದೆ. ಸುಮ್ನೆ ಕೂತಿದ್ದರೂ ಎದೆ ಡವಡವ ಎನ್ನುತ್ತದೆ. ಬೇರೆಯವರಿಗೆ ಹಿತವಾಗಿರುವ ಹವೆಯಲ್ಲಿ ನಿಮಗೆ ಮಾತ್ರ ಸೆಕೆ, ಬೆವರು. ಕೈಬೆರಳು ಸಣ್ಣಗೆ ನಡುಗುತ್ತವೆ. ರಾತ್ರಿ ನಿದ್ದೆ ಹತ್ತುವುದಿಲ್ಲ, ಹಗಲು ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು. ದಿನಕ್ಕೆ ಎರಡು ಮೂರು ಸಲ ಮಲವಿಸರ್ಜನೆ. ಹೆಂಗಸರಿಗೆ ಮುಟ್ಟಿನ ಸ್ರಾವ ಕಮ್ಮಿಯಾಗುವುದು, ದಿನ ತಪ್ಪುವುದು. ಕೂದಲು ಉದುರುವುದು. ಕುತ್ತಿಗೆಯ ಮುಂಭಾಗ ಊದಿಕೊಳ್ಳುವುದೂ ಉಂಟು, ಗಳಗಂಡ ಅನ್ನುವುದು ಅದನ್ನೇ.

ಜನ ಅಷ್ಟಾಗಿ ಗಮನಿಸದ ಇನ್ನೊಂದು ಲಕ್ಷಣ ತೊಡೆ ಮತ್ತು ತೋಳಿನ ಸುಸ್ತು. ಕುಕ್ಕರುಗಾಲಲ್ಲಿ ಕೂತರೆ ಏಳಲು ಕೈ ಊರಬೇಕಾಗುತ್ತದೆ. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ತಲೆ ಬಾಚಲು ಕೈ ಎತ್ತಿದರೆ ತೋಳು ಸೋಲುತ್ತದೆ. ಹಾರ್ಮೋನ್ ಜಾಸ್ತಿಯಾದಾಗ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ, ಅದರ ಫಲ ಇದು.

ಇವೆಲ್ಲ ಒಬ್ಬರಲ್ಲೇ ಇರಬೇಕೆಂದಿಲ್ಲ. ಕೆಲವರು ಹಸಿವಿನ ಭರದಲ್ಲಿ ಜಾಸ್ತಿ ತಿಂದು ತೂಕ ಏರಿಸಿಕೊಂಡಿರುತ್ತಾರೆ. ತೂಕ ಇಳಿದಿಲ್ಲ ಎಂಬ ಒಂದೇ ಕಾರಣಕ್ಕೆ ಥೈರಾಯ್ಡ್ ಅಲ್ಲ ಎಂದು ತಳ್ಳಿಹಾಕಬೇಡಿ.

ಇದು ಬರೀ ಟೆನ್ಶನ್ ಇರಬಹುದಲ್ವಾ?

ಇರಬಹುದು. ಆತಂಕದಲ್ಲೂ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಕೆಡುತ್ತದೆ. ಆದರೆ ನನಗೆ ಬೇಸರ ತರುವ ಸಂಗತಿ ಏನೆಂದರೆ, ಅದರಲ್ಲೂ ಹೆಂಗಸರು ಈ ಲಕ್ಷಣ ಹೇಳಿಕೊಂಡಾಗ ಒಂದು ರಕ್ತ ಪರೀಕ್ಷೆಯನ್ನೂ ಮಾಡಿಸದೆ "ನೀವು ತುಂಬಾ ಯೋಚನೆ ಮಾಡ್ತೀರಿ" ಎಂದು ಕಳಿಸಿಬಿಡುವುದು. ಗಂಡಸರಿಗಿಂತ ಹೆಂಗಸರಿಗೆ ಈ ತೊಂದರೆ ಹಲವು ಪಟ್ಟು ಜಾಸ್ತಿ. ಹಾಗಿರುವಾಗ ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ.

ಮನೆಯಲ್ಲೇ ಗಮನಿಸಬಹುದಾದ ಕೆಲವು ಸಂಗತಿ ಇವೆ. ಒಂದು, ನಿದ್ದೆಯಲ್ಲಿರುವಾಗ ಅಥವಾ ಆಗಷ್ಟೇ ಎಚ್ಚರವಾದಾಗ ನಾಡಿ ಎಷ್ಟಿದೆ ಎಂದು ನೋಡುವುದು. ಆತಂಕದವರಿಗೆ ನಿದ್ದೆಯಲ್ಲಿ ಬಡಿತ ಸಾಮಾನ್ಯವಾಗಿ ಇಳಿಯುತ್ತದೆ. ಥೈರಾಯ್ಡ್ ಜಾಸ್ತಿ ಇರುವವರಿಗೆ ನಿದ್ದೆಯಲ್ಲೂ 90, 100 ದಾಟಿರಬಹುದು. ಇನ್ನೊಂದು, ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಅದರ ಮೇಲೆ ಒಂದು ತೆಳು ಕಾಗದ ಇಡುವುದು. ಕಣ್ಣಿಗೆ ಕಾಣದ ಸಣ್ಣ ನಡುಕ ಇದ್ದರೂ ಕಾಗದದ ಅಂಚು ಪಟಪಟ ಅಲುಗುತ್ತದೆ. ಅಂಗೈ ಮುಟ್ಟಿ ನೋಡಿ, ಬೆಚ್ಚಗೆ ಒದ್ದೆಯಾಗಿದ್ದರೆ ಅದೂ ಒಂದು ಸುಳಿವು. ಆತಂಕದಲ್ಲಿ ಅಂಗೈ ಬೆವರಿದರೂ ತಣ್ಣಗಿರುವುದೇ ಜಾಸ್ತಿ. ಇವು ಸುಳಿವು ಮಾತ್ರ, ರಕ್ತ ಪರೀಕ್ಷೆಯ ಬದಲಿಗೆ ಅಲ್ಲ.

ವಯಸ್ಸಾದವರಲ್ಲೂ ಹೀಗೇ ಕಾಣುತ್ತದಾ?

ಬಹಳ ಸಲ ಇಲ್ಲ. 65, 70 ದಾಟಿದವರಲ್ಲಿ ನಡುಕ, ಸೆಕೆ, ಚಡಪಡಿಕೆ ಕಾಣದೇ ಇರಬಹುದು. ಬದಲಿಗೆ ಮಂಕಾಗಿ ಕೂರುತ್ತಾರೆ, ಊಟ ಬಿಡುತ್ತಾರೆ, ತೂಕ ಇಳಿಯುತ್ತದೆ, ಉಸಿರು ಕಟ್ಟುತ್ತದೆ, ನಾಡಿ ತಾಳ ತಪ್ಪುತ್ತದೆ. ವಯಸ್ಸಾಯ್ತು ಎಂದೋ ಮನಸ್ಸಿಗೆ ಬೇಜಾರು ಎಂದೋ ಮನೆಯವರು ಸುಮ್ಮನಾಗುತ್ತಾರೆ. ವಯಸ್ಸಾದವರ ತೂಕ ಕಾರಣ ಇಲ್ಲದೆ ಇಳಿಯುತ್ತಿದ್ದರೆ, ಅಥವಾ ಹೊಸದಾಗಿ ನಾಡಿ ತಾಳ ತಪ್ಪಿದ್ದರೆ, ಟಿಎಸ್‌ಎಚ್ ಒಂದು ನೋಡಲೇಬೇಕು.

ಯಾಕೆ ಬರುತ್ತದೆ?

ಮುಖ್ಯವಾದ ಪ್ರಶ್ನೆ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಅತಿ ಹೆಚ್ಚು ಜನರಲ್ಲಿ ಕಾರಣ ಗ್ರೇವ್ಸ್ ಕಾಯಿಲೆ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ವಿವರಿಸಿದರು. ಜರ್ಮನಿಯ ವೈದ್ಯ ಬಾಸೆಡೊ 1840ರಲ್ಲಿ ಬೇರೆಯಾಗಿ ವಿವರಿಸಿದ್ದರಿಂದ ಯೂರೋಪಿನ ಕೆಲವು ಕಡೆ ಇದಕ್ಕೆ ಬಾಸೆಡೊ ಕಾಯಿಲೆ ಎಂದೇ ಹೆಸರು. ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಒಂದು ಬಗೆಯ ಪ್ರತಿಕಾಯ ತಯಾರಿಸುತ್ತದೆ. ಟಿಎಸ್‌ಎಚ್ ಹೋಗಿ ಕೂರಬೇಕಾದ ಜಾಗದಲ್ಲಿ (ರಿಸೆಪ್ಟರ್) ಈ ಪ್ರತಿಕಾಯ ಕೂತು, ಹಾರ್ಮೋನ್ ಮಾಡು ಎಂದು ಗ್ರಂಥಿಯನ್ನು ಹಗಲೂ ರಾತ್ರಿ ತಿವಿಯುತ್ತದೆ. ಪಿಟ್ಯುಟರಿ ಸಾಕು ಎಂದರೂ ಗ್ರಂಥಿ ನಿಲ್ಲಿಸುವುದಿಲ್ಲ. ಹೆಚ್ಚಾಗಿ 20ರಿಂದ 50ರ ವಯಸ್ಸಿನಲ್ಲಿ ಕಾಣಿಸುತ್ತದೆ, ಮನೆತನದಲ್ಲಿ ಬೇರೆಯವರಿಗೂ ಥೈರಾಯ್ಡ್ ತೊಂದರೆ ಇರುವುದುಂಟು.

ಎರಡನೆಯದು ಗಂಟು. ಗ್ರಂಥಿಯೊಳಗೆ ಬೆಳೆದ ಒಂದೋ ಹಲವೋ ಗಂಟುಗಳು ಯಾರ ಮಾತನ್ನೂ ಕೇಳದೆ ತಮ್ಮಷ್ಟಕ್ಕೆ ಹಾರ್ಮೋನ್ ತಯಾರಿಸುತ್ತವೆ. ಇದು ನಡುವಯಸ್ಸು ದಾಟಿದವರಲ್ಲಿ ಜಾಸ್ತಿ. ಇಂಥ ಚುರುಕು ಗಂಟು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ.

ಮೂರನೆಯದು ಥೈರಾಯ್ಡೈಟಿಸ್, ಅಂದರೆ ಗ್ರಂಥಿಯ ಉರಿಯೂತ. ಇಲ್ಲಿ ಗ್ರಂಥಿ ಹೊಸದಾಗಿ ಏನೂ ಜಾಸ್ತಿ ಮಾಡುತ್ತಿಲ್ಲ. ಪೆಟ್ಟು ತಿಂದ ಗ್ರಂಥಿಯಿಂದ ಮೊದಲೇ ಕೂಡಿಟ್ಟಿದ್ದ ಹಾರ್ಮೋನ್ ಸೋರುತ್ತಿದೆ ಅಷ್ಟೇ. ವೈರಸ್ ಜ್ವರ ಬಂದುಹೋದ ಮೇಲೆ ಕುತ್ತಿಗೆ ಮುಟ್ಟಿದರೆ ನೋಯುವ ಒಂದು ಬಗೆ ಇದೆ. ನೋವೇ ಇಲ್ಲದ ಬಗೆಯೂ ಇದೆ. ಕೂಡಿಟ್ಟದ್ದು ಖಾಲಿಯಾಗುತ್ತಿದ್ದಂತೆ ಹಾರ್ಮೋನ್ ತಾನಾಗಿ ಇಳಿಯುತ್ತದೆ, ಇದಕ್ಕೆ ಕೆಲವು ವಾರದಿಂದ ಮೂರು ತಿಂಗಳು ಹಿಡಿಯಬಹುದು. ಆಮೇಲೆ ಸ್ವಲ್ಪ ಕಾಲ ಕಮ್ಮಿಯೂ ಆಗಿ, ಹೆಚ್ಚಿನವರಲ್ಲಿ ಸಮಸ್ಥಿತಿಗೆ ಬರುತ್ತದೆ.

ಇನ್ನು ಹೊರಗಿನಿಂದ ಬರುವ ಕಾರಣ. ಥೈರಾಯ್ಡ್ ಕಮ್ಮಿ ಇದೆ ಎಂದು ತಗೊಳ್ಳುತ್ತಿರುವ ಥೈರಾಕ್ಸಿನ್ ಮಾತ್ರೆಯ ಡೋಸ್ ಜಾಸ್ತಿಯಾಗಿರಬಹುದು. ತೂಕ ಇಳಿಸುವ ಔಷಧ ಎಂದು ಮಾರುವ ಕೆಲವು ಪುಡಿ, ಕ್ಯಾಪ್ಸೂಲುಗಳಲ್ಲಿ ಥೈರಾಯ್ಡ್ ಹಾರ್ಮೋನ್ ಬೆರೆತಿರುವುದೂ ಕಂಡುಬಂದಿದೆ. ಹೃದಯದ ತಾಳ ಸರಿಮಾಡುವ ಅಮಿಯೊಡರೋನ್ ಎಂಬ ಮಾತ್ರೆಯ ತೂಕದಲ್ಲಿ ಸುಮಾರು 37 ಶೇಕಡಾ ಅಯೋಡಿನ್ನೇ. ಸಿಟಿ ಸ್ಕ್ಯಾನಿಗೆ ಚುಚ್ಚುವ ಡೈಯಲ್ಲೂ ಅಯೋಡಿನ್ ಇರುತ್ತದೆ. ಇವು ಕೆಲವರಲ್ಲಿ ಥೈರಾಯ್ಡನ್ನು ಕೆರಳಿಸುತ್ತವೆ.

ಕಾರಣ ತಿಳಿಯದೆ ಮಾತ್ರೆ ಶುರು ಮಾಡಿದರೆ ಏನಾಗುತ್ತದೆ?

ಹಾರ್ಮೋನ್ ತಯಾರಿಕೆ ತಡೆಯುವ ಮಾತ್ರೆಗಳು ಗ್ರೇವ್ಸ್ ಕಾಯಿಲೆಗೆ ಸರಿ. ಉರಿಯೂತದಲ್ಲಿ ಹೊಸ ತಯಾರಿಕೆಯೇ ಇಲ್ಲದಿರುವಾಗ ಆ ಮಾತ್ರೆಗೆ ಮಾಡಲು ಕೆಲಸವೇ ಇಲ್ಲ. ಅಡ್ಡ ಪರಿಣಾಮ ಮಾತ್ರ ಉಳಿಯುತ್ತದೆ. ಗಂಟಿನ ತೊಂದರೆಯಲ್ಲಿ ಮಾತ್ರೆ ಕೆಲಸ ಮಾಡುತ್ತದೆ, ಆದರೆ ನಿಲ್ಲಿಸಿದ ಕೂಡಲೇ ಎಲ್ಲ ಹಳೆಯದಕ್ಕೇ ಮರಳುತ್ತದೆ. ಹಾಗಾಗಿ ಚೀಟಿ ಬರೆಸಿಕೊಳ್ಳುವಾಗ "ನನಗೆ ಯಾವ ಕಾರಣದಿಂದ ಜಾಸ್ತಿಯಾಗಿದೆ ಡಾಕ್ಟ್ರೇ?" ಎಂದು ಕೇಳಿ. ಈ ಪ್ರಶ್ನೆ ಕೇಳಲು ಸಂಕೋಚ ಪಡಬೇಕಾದದ್ದು ಏನೂ ಇಲ್ಲ.

ಕಾರಣ ತಿಳಿಯಲು ಯಾವ ಪರೀಕ್ಷೆ ಮಾಡುತ್ತಾರೆ? ರಿಪೋರ್ಟ್ ಹೇಗೆ ಓದುವುದು?

ಮೊದಲು ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟಿ4), ಟಿ3. ಹೆಚ್ಚಿನ ಲ್ಯಾಬುಗಳಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4ರ ಒಳಗಿದ್ದರೆ ಸರಿ ಎಂದು ಲೆಕ್ಕ. ನಿಮ್ಮ ರಿಪೋರ್ಟಿನಲ್ಲಿ ಟಿಎಸ್‌ಎಚ್ ಮುಂದೆ 0.01 ಎಂದಿದೆ, ಫ್ರೀ ಟಿ4 ಮುಂದೆ ಜಾಸ್ತಿ ಎಂಬ ಗುರುತಿದೆ ಎಂದುಕೊಳ್ಳಿ. ಅಲ್ಲಿಗೆ ಹಾರ್ಮೋನ್ ಜಾಸ್ತಿ ಎಂಬುದು ಖಚಿತ. ಫ್ರೀ ಟಿ4 ಸರಿ ಇದ್ದು ಟಿ3 ಮಾತ್ರ ಏರಿರುವವರೂ ಇದ್ದಾರೆ, ಅದಕ್ಕೇ ಟಿ3 ಬಿಡಬಾರದು. ಪಕ್ಕದ ಕಾಲಮ್ಮಿನಲ್ಲಿ ಆ ಲ್ಯಾಬಿನ ಮಿತಿ ಬರೆದಿರುತ್ತಾರೆ, ನಿಮ್ಮ ಅಂಕಿಯನ್ನು ಅದರ ಜೊತೆಯೇ ಹೋಲಿಸಿ. ಒಂದು ಲ್ಯಾಬಿನ ಅಂಕಿ ಇನ್ನೊಂದರ ಮಿತಿಗೆ ಹೊಂದುವುದಿಲ್ಲ.

ಆಮೇಲಿನ ಹೆಜ್ಜೆ ಕಾರಣದ ಹುಡುಕಾಟ. ಟಿಎಸ್‌ಎಚ್ ರಿಸೆಪ್ಟರ್ ಪ್ರತಿಕಾಯದ ರಕ್ತ ಪರೀಕ್ಷೆ ಇದೆ. ಅದು ಪಾಸಿಟಿವ್ ಬಂದರೆ ಗ್ರೇವ್ಸ್ ಎಂದು ಹೆಚ್ಚುಕಮ್ಮಿ ತೀರ್ಮಾನವಾದಂತೆ. ಇಲ್ಲವಾದರೆ ಥೈರಾಯ್ಡ್ ಸ್ಕ್ಯಾನ್. ತೀರಾ ಸಣ್ಣ ಪ್ರಮಾಣದ ವಿಕಿರಣ ಪದಾರ್ಥ ಕೊಟ್ಟು ಗ್ರಂಥಿ ಅದನ್ನು ಎಷ್ಟು ಹೀರಿಕೊಳ್ಳುತ್ತದೆ ಎಂದು ಚಿತ್ರ ತೆಗೆಯುತ್ತಾರೆ. ಗ್ರೇವ್ಸ್‌ನಲ್ಲಿ ಇಡೀ ಗ್ರಂಥಿ ಹೊಳೆಯುತ್ತದೆ. ಗಂಟಾದರೆ ಗಂಟಿನ ಜಾಗ ಮಾತ್ರ ಹೊಳೆಯುತ್ತದೆ. ಉರಿಯೂತದಲ್ಲಿ ಚಿತ್ರ ಖಾಲಿ ಖಾಲಿ. ಗರ್ಭಿಣಿಯರಿಗೆ ಈ ಸ್ಕ್ಯಾನ್ ಮಾಡುವುದಿಲ್ಲ.

ಕೂದಲಿಗೆ ಎಂದು ಬಯೋಟಿನ್ ತಗೊಳ್ಳುತ್ತಿದ್ದೇನೆ. ಪರೀಕ್ಷೆಗೆ ತೊಂದರೆಯಾ?

ಆಗಬಹುದು. ಕೂದಲು, ಉಗುರಿಗೆ ಎಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಬಹಳ ಇರುತ್ತದೆ. ಕೆಲವು ಲ್ಯಾಬ್ ಯಂತ್ರಗಳು ಅದರಿಂದ ಮೋಸಹೋಗಿ ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ ಎಂದು ತೋರಿಸಿಬಿಡುತ್ತವೆ. ಕಾಯಿಲೆ ಇಲ್ಲದಿದ್ದರೂ ರಿಪೋರ್ಟ್ ಗ್ರೇವ್ಸ್ ಥರ ಕಾಣುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಡಾಕ್ಟರಿಗೂ ಹೇಳಿ.

ಹೃದಯಕ್ಕೆ ಏನು ಅಪಾಯ?

ವರ್ಷಗಟ್ಟಲೆ ಬಿಟ್ಟರೆ ಹೆಚ್ಚು ಪೆಟ್ಟು ತಿನ್ನುವುದು ಹೃದಯವೇ. ಬಡಿತ ಸದಾ ವೇಗವಾಗಿರುವುದರಿಂದ ಅದಕ್ಕೆ ವಿಶ್ರಾಂತಿ ಸಿಗುವುದಿಲ್ಲ. ಕೆಲವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಶುರುವಾಗುತ್ತದೆ. ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುತ್ತವೆ. ಆಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಥೈರಾಯ್ಡ್ ಜಾಸ್ತಿ ಇರುವವರಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಂದಿಗೆ ಹೀಗೆ ತಾಳ ತಪ್ಪುತ್ತದೆ, ವಯಸ್ಸಾದಷ್ಟೂ ಸಾಧ್ಯತೆ ಜಾಸ್ತಿ. ಹೃದಯ ಸೋಲುವುದೂ ಉಂಟು.

ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಎಷ್ಟೋ ಜನರಲ್ಲಿ ಈ ತಾಳ ತಾನಾಗಿ ಸರಿಹೋಗುತ್ತದೆ. ಅದಕ್ಕೇ ಹೊಸದಾಗಿ ತಾಳ ತಪ್ಪಿದವರಿಗೆಲ್ಲ ಥೈರಾಯ್ಡ್ ನೋಡುತ್ತಾರೆ.

ಮೂಳೆ ಸವೆಯುತ್ತದೆ ಎನ್ನುತ್ತಾರೆ, ನಿಜವಾ?

ನಿಜ. ಮೂಳೆ ಯಾವಾಗಲೂ ಒಂದು ಕಡೆ ಕರಗುತ್ತಾ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಹಾರ್ಮೋನ್ ಜಾಸ್ತಿಯಾದರೆ ಕರಗುವ ವೇಗಕ್ಕೆ ಕಟ್ಟುವ ವೇಗ ಸಾಟಿಯಾಗುವುದಿಲ್ಲ. ಮುಟ್ಟು ನಿಂತ ಹೆಂಗಸರಿಗೆ ಇದು ಇನ್ನೂ ದೊಡ್ಡ ಚಿಂತೆ, ಸಣ್ಣದಾಗಿ ಬಿದ್ದರೂ ಸೊಂಟದ ಮೂಳೆ ಮುರಿಯಬಹುದು. ಮೂಳೆಯ ಸಾಂದ್ರತೆ ಪರೀಕ್ಷೆ ಬೇಕಾ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬೇಕಾ ಎಂದು ಡಾಕ್ಟರನ್ನು ಕೇಳಿ.

ಕಣ್ಣು ಮುಂದೆ ಬಂದಂತೆ ಕಾಣುತ್ತಿದೆ. ಇದಕ್ಕೂ ಥೈರಾಯ್ಡಿಗೂ ಏನು ಸಂಬಂಧ?

ಇದು ಗ್ರೇವ್ಸ್‌ನವರಲ್ಲಿ ಕೆಲವರಿಗೆ ಬರುವ ಕಣ್ಣಿನ ತೊಂದರೆ. ಅದೇ ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆ ಕಣ್ಣಿನ ಹಿಂದಿನ ಸ್ನಾಯು ಮತ್ತು ಕೊಬ್ಬನ್ನೂ ಕೆಣಕುತ್ತದೆ. ಅವು ಊದಿಕೊಂಡಾಗ ಜಾಗ ಸಾಲದೆ ಕಣ್ಣುಗುಡ್ಡೆ ಮುಂದಕ್ಕೆ ಬರುತ್ತದೆ. ಶುರುವಿನಲ್ಲಿ ಮರಳು ಬಿದ್ದಂತೆ ಕಿರಿಕಿರಿ, ನೀರು ಸೋರುವುದು, ಬೆಳಕು ಚುಚ್ಚುವುದು, ಬೆಳಗ್ಗೆ ರೆಪ್ಪೆ ಊದಿರುವುದು. ಆಮೇಲೆ ಒಂದು ಎರಡಾಗಿ ಕಾಣಬಹುದು.

ಸಿಗರೇಟು ಸೇದುವವರಿಗೆ ಇದು ಬರುವ ಸಾಧ್ಯತೆಯೂ ಜಾಸ್ತಿ, ಬಂದರೆ ತೀವ್ರತೆಯೂ ಜಾಸ್ತಿ, ಔಷಧ ಹಿಡಿಯುವುದೂ ಕಮ್ಮಿ. ಗ್ರೇವ್ಸ್ ಇದೆ ಎಂದು ಗೊತ್ತಾದವರು ಇವತ್ತೇ ಸಿಗರೇಟು ಬಿಡಲಿ ಎಂದು ನಾನು ಕೈಮುಗಿದು ಹೇಳುತ್ತೇನೆ. ನಿಮ್ಮ ಕೈಯಲ್ಲೇ ಇರುವ ಅತಿ ದೊಡ್ಡ ಔಷಧ ಅದು.

ತೊಂದರೆ ಸಣ್ಣದಿದ್ದರೆ ಕಣ್ಣಿಗೆ ತೇವ ಕೊಡುವ ಹನಿ, ರಾತ್ರಿ ತಲೆ ಎತ್ತರಕ್ಕೆ ಇಟ್ಟು ಮಲಗುವುದು ಸಾಕಾಗಬಹುದು. ಜಾಸ್ತಿಯಾದರೆ ಸ್ಟೀರಾಯ್ಡ್, ಬೇರೆ ಇಂಜೆಕ್ಷನ್, ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಬಣ್ಣ ಮಸುಕಾಗಿ ಕಂಡರೆ, ದೃಷ್ಟಿ ಕುಂದಿದರೆ, ಕಣ್ಣು ಪೂರ್ತಿ ಮುಚ್ಚಲಾಗದಿದ್ದರೆ ಕಾಯಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಮಾತ್ರೆ ಶುರು ಮಾಡಿ ವಾರ ಆಯಿತು. ಏನೂ ವ್ಯತ್ಯಾಸ ಇಲ್ಲವಲ್ಲ?

ಇಷ್ಟು ಬೇಗ ಕಾಣುವುದಿಲ್ಲ. ಕಾರ್ಬಿಮಝೋಲ್, ಮೆಥಿಮಝೋಲ್ ಮಾತ್ರೆಗಳು ಹೊಸ ಹಾರ್ಮೋನ್ ತಯಾರಾಗುವುದನ್ನು ಮಾತ್ರ ತಡೆಯುತ್ತವೆ. ನಲ್ಲಿ ನಿಲ್ಲಿಸಿದ ಮೇಲೂ ಟ್ಯಾಂಕಿನಲ್ಲಿದ್ದ ನೀರು ಬರುತ್ತಲೇ ಇರುತ್ತದಲ್ಲ, ಹಾಗೆ ಗ್ರಂಥಿಯಲ್ಲಿ ಮೊದಲೇ ಇರುವ ಸಂಗ್ರಹ ಮುಗಿಯುವ ತನಕ ಕಾಯಬೇಕು. ಹಾರ್ಮೋನ್ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಬೇಕು.

ಅಷ್ಟರ ತನಕ ಎದೆಬಡಿತ, ನಡುಕ ತಗ್ಗಿಸಲು ಪ್ರೊಪ್ರನೊಲೋಲ್‌ನಂಥ ಬೀಟಾ ಬ್ಲಾಕರ್ ಕೊಡುತ್ತಾರೆ. ಅದರ ಫಲ ಗಂಟೆಗಳಲ್ಲೇ ಗೊತ್ತಾಗುತ್ತದೆ. ಆಸ್ತಮಾ ಇರುವವರು ಮೊದಲೇ ಹೇಳಬೇಕು, ಅವರಿಗೆ ಈ ಮಾತ್ರೆ ಉಸಿರು ಕಟ್ಟಿಸಬಹುದು.

ಇನ್ನೊಂದು ಮಾತು. ಕಾರ್ಬಿಮಝೋಲ್ ಮೈಯೊಳಗೆ ಮೆಥಿಮಝೋಲ್ ಆಗಿ ಬದಲಾಗುತ್ತದೆ, ಆದರೆ ಎರಡರ ಡೋಸ್ ಒಂದೇ ಅಲ್ಲ. ಕಾರ್ಬಿಮಝೋಲ್ 10 ಮಿಲಿಗ್ರಾಂ ಸುಮಾರು ಮೆಥಿಮಝೋಲ್ 6 ಮಿಲಿಗ್ರಾಮಿಗೆ ಸಮ. ಅಂಗಡಿಯಲ್ಲಿ ಒಂದು ಇಲ್ಲವೆಂದು ಇನ್ನೊಂದನ್ನು ಅಷ್ಟೇ ಮಿಲಿಗ್ರಾಂ ಕೊಟ್ಟರೆ ತಗೊಳ್ಳಬೇಡಿ.

ಅಡ್ಡ ಪರಿಣಾಮ ಏನಾದರೂ ಇದೆಯಾ?

ಮೈ ತುರಿಕೆ, ಗಂಧೆ, ಕೀಲುನೋವು ಕೆಲವರಿಗೆ ಬರುತ್ತವೆ. ಅವನ್ನು ಡಾಕ್ಟರ ಸಲಹೆಯಿಂದ ಸಂಭಾಳಿಸಬಹುದು.

ನಿಜಕ್ಕೂ ಎಚ್ಚರ ಬೇಕಾದದ್ದು ಒಂದಕ್ಕೆ. ಸಾವಿರದಲ್ಲಿ ಸುಮಾರು ಎರಡರಿಂದ ಐದು ಮಂದಿಗೆ ಈ ಮಾತ್ರೆಯಿಂದ ಬಿಳಿ ರಕ್ತಕಣ ದಿಢೀರನೆ ಕುಸಿಯುತ್ತದೆ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಆಗ ಸಾದಾ ಸೋಂಕೂ ಜೀವಕ್ಕೆ ಅಪಾಯ ತರಬಹುದು. ಮಾತ್ರೆ ತಗೊಳ್ಳುತ್ತಿರುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ, ಅವತ್ತೇ ರಕ್ತದ ಕಣಗಳ ಎಣಿಕೆ ಮಾಡಿಸಿ, ಡಾಕ್ಟರನ್ನು ನೋಡಿ. ಶೀತ ಇರಬೇಕು ಎಂದು ನಾಲ್ಕು ದಿನ ಮನೆಮದ್ದು ಮಾಡುತ್ತಾ ಕೂರಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅದು ಯಕೃತ್ತಿನ ತೊಂದರೆಯ ಸೂಚನೆ, ಅದಕ್ಕೂ ಇದೇ ಮಾತು. ಮಾತ್ರೆ ತಗೊಳ್ಳುವವರು ಮಾತ್ರವಲ್ಲ, ಮನೆಯಲ್ಲಿ ಇನ್ನೊಬ್ಬರಿಗಾದರೂ ಈ ವಿಷಯ ಗೊತ್ತಿರಲಿ.

ಈಗ ಚೆನ್ನಾಗಿದ್ದೇನೆ. ಮಾತ್ರೆ ನಿಲ್ಲಿಸಬಹುದಾ?

ನೀವಾಗಿ ನಿಲ್ಲಿಸಬೇಡಿ. ಎರಡು ತಿಂಗಳಲ್ಲಿ ತೂಕ ಸುಧಾರಿಸಿ, ನಿದ್ದೆ ಬಂದು, ಎಲ್ಲ ಸರಿಹೋಯಿತು ಎಂದು ಅನ್ನಿಸುವ ಹೊತ್ತಿಗೇ ಬಹಳ ಜನ ಬಿಟ್ಟುಬಿಡುತ್ತಾರೆ. ಲಕ್ಷಣ ಹೋಗಿರುತ್ತದೆ, ಪ್ರತಿಕಾಯ ಹಾಗೇ ಇರುತ್ತದೆ. ಗ್ರೇವ್ಸ್‌ಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಮಾತ್ರೆ ನಡೆಯುತ್ತದೆ. ಕೊನೆಗೆ ಪ್ರತಿಕಾಯದ ಪರೀಕ್ಷೆ ಮಾಡಿ, ಅದು ಇಳಿದಿದ್ದರೆ ನಿಲ್ಲಿಸಿ ನೋಡುತ್ತಾರೆ. ಇಷ್ಟು ಮಾಡಿದ ಮೇಲೂ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರಳುತ್ತದೆ. ಮರಳಿದರೆ ಅದು ನಿಮ್ಮ ತಪ್ಪಲ್ಲ, ಕಾಯಿಲೆಯ ಸ್ವಭಾವವೇ ಹಾಗೆ. ಆಗ ಸಣ್ಣ ಡೋಸಿನಲ್ಲಿ ಮುಂದುವರಿಸಬಹುದು, ಇಲ್ಲವೇ ಶಾಶ್ವತ ಪರಿಹಾರದ ಕಡೆ ನೋಡಬಹುದು.

ಮಾತ್ರೆ ಶುರುವಾದ ಮೊದಲ ತಿಂಗಳುಗಳಲ್ಲಿ ನಾಲ್ಕಾರು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ಟಿ4, ಟಿ3 ಸರಿಹೋದ ಮೇಲೂ ಟಿಎಸ್‌ಎಚ್ ಕೆಲವು ತಿಂಗಳು ಕೆಳಗೇ ಇರಬಹುದು. ಅದನ್ನೊಂದೇ ನೋಡಿ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಗಾಬರಿಯಾಗಬೇಡಿ.

ರೇಡಿಯೋ ಅಯೋಡಿನ್ ಎಂದರೆ ವಿಕಿರಣ ಅಲ್ವಾ? ಭಯ ಆಗುತ್ತದೆ.

ಭಯ ಸಹಜ. ಇದು ಹೊಸ ಪ್ರಯೋಗ ಏನಲ್ಲ. ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಜ್ ಎಂಬ ವೈದ್ಯರು 1941ರಲ್ಲೇ ಇದನ್ನು ರೋಗಿಗೆ ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಬಳಕೆಯಲ್ಲಿದೆ. ಅಯೋಡಿನ್ 131 ಅನ್ನು ಕ್ಯಾಪ್ಸೂಲ್ ಅಥವಾ ದ್ರವ ರೂಪದಲ್ಲಿ ನುಂಗಿಸುತ್ತಾರೆ. ಥೈರಾಯ್ಡ್ ಅದನ್ನು ಮಾಮೂಲಿ ಅಯೋಡಿನ್ ಎಂದೇ ಹೀರಿಕೊಳ್ಳುತ್ತದೆ, ಒಳಗಿಂದ ಅದರ ಜೀವಕೋಶಗಳು ನಿಧಾನವಾಗಿ ಸಾಯುತ್ತವೆ. ಪ್ರತಿ 8 ದಿನಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಪೂರ್ತಿ ಫಲ ಕಾಣಲು ಎರಡು ಮೂರು ತಿಂಗಳು, ಕೆಲವರಿಗೆ ಆರು ತಿಂಗಳು.

ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಇದು ಖಂಡಿತ ಕೂಡದು. ತಗೊಂಡ ಮೇಲೆ ಹೆಂಗಸರು ಕನಿಷ್ಠ ಆರು ತಿಂಗಳು ಬಸಿರಾಗಬಾರದು, ಗಂಡಸರೂ ಕೆಲವು ತಿಂಗಳು ಕಾಯಬೇಕು. ಮೊದಲ ಕೆಲವು ದಿನ ಸಣ್ಣ ಮಕ್ಕಳನ್ನು ಎತ್ತಿಕೊಳ್ಳುವುದು, ಗರ್ಭಿಣಿಯರ ಪಕ್ಕ ಕೂರುವುದು ಬೇಡ. ಎಷ್ಟು ದಿನ ಎಂದು ಆಸ್ಪತ್ರೆಯವರು ಡೋಸ್ ನೋಡಿ ಹೇಳುತ್ತಾರೆ. ಕಣ್ಣಿನ ತೊಂದರೆ ಜೋರಾಗಿರುವವರಿಗೆ ಇದು ಕಣ್ಣನ್ನು ಇನ್ನಷ್ಟು ಕೆಡಿಸಬಹುದು.

ಆಮೇಲೆ ಹೆಚ್ಚಿನವರಿಗೆ ಥೈರಾಯ್ಡ್ ಕಮ್ಮಿಯಾಗುತ್ತದೆ, ಜೀವನಪೂರ್ತಿ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಬೇಕು. ಇದನ್ನು ಮೊದಲೇ ತಿಳಿದು ಒಪ್ಪಿಕೊಂಡು ಹೋದವರಿಗೆ ಆಮೇಲೆ ಬೇಸರ ಕಮ್ಮಿ.

ಆಪರೇಷನ್ ಯಾರಿಗೆ?

ಗಳಗಂಡ ದೊಡ್ಡದಾಗಿ ಉಸಿರಾಟಕ್ಕೋ ನುಂಗಲಿಕ್ಕೋ ಒತ್ತುತ್ತಿದ್ದರೆ, ಗಂಟಿನ ಬಗ್ಗೆ ಕ್ಯಾನ್ಸರಿನ ಅನುಮಾನ ಇದ್ದರೆ, ಮಾತ್ರೆ ಒಗ್ಗದಿದ್ದರೆ, ಬೇಗ ಬಸಿರಾಗಬೇಕೆಂದಿದ್ದರೆ. ಒಂದು ಕಾಲದಲ್ಲಿ ಈ ಆಪರೇಷನ್ ಎಂದರೆ ಜೀವದ ಆಸೆ ಬಿಟ್ಟಂತೆ. ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಖರ್ ಇದನ್ನು ಸುರಕ್ಷಿತ ಮಾಡಿದರು, ಥೈರಾಯ್ಡಿನ ಕೆಲಸಕ್ಕಾಗಿಯೇ 1909ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಉಳಿದಿರುವ ಮುಖ್ಯ ಅಪಾಯ ಎರಡು. ದನಿಯ ನರಕ್ಕೆ ಪೆಟ್ಟಾಗಿ ದನಿ ಒಡೆಯುವುದು, ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗೆ ಏಟಾಗಿ ಕ್ಯಾಲ್ಸಿಯಂ ಇಳಿಯುವುದು. ವರ್ಷಕ್ಕೆ ಬಹಳಷ್ಟು ಥೈರಾಯ್ಡ್ ಆಪರೇಷನ್ ಮಾಡುವ ಸರ್ಜನ್ ಕೈಯಲ್ಲಿ ಈ ಅಪಾಯ ಕಮ್ಮಿ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಧಾರಾಳವಾಗಿ ಕೇಳಿ.

ಬಸಿರು ಮತ್ತು ಬಾಣಂತನದಲ್ಲಿ ಏನು ಗಮನಿಸಬೇಕು?

ಮೊದಲು ಹೇಳಬೇಕಾದದ್ದು: ಥೈರಾಯ್ಡ್ ಹತೋಟಿಗೆ ತಂದುಕೊಂಡು ಆಮೇಲೆ ಬಸಿರಿನ ಯೋಚನೆ ಮಾಡಿ. ಹಾರ್ಮೋನ್ ಜಾಸ್ತಿ ಇದ್ದಾಗ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ತಾಯಿಗೆ ಬಿಪಿ ಏರುವುದು ಇವೆಲ್ಲದರ ಸಾಧ್ಯತೆ ಜಾಸ್ತಿ.

ಕಾರ್ಬಿಮಝೋಲ್, ಮೆಥಿಮಝೋಲ್ ಎರಡೂ ಮೊದಲ ಮೂರು ತಿಂಗಳಲ್ಲಿ ಮಗುವಿನ ಅಂಗಾಂಗ ಬೆಳವಣಿಗೆಗೆ ತೊಂದರೆ ಮಾಡಬಹುದು. ಆ ಅವಧಿಗೆ ಪಿಟಿಯು ಎಂಬ ಬೇರೆ ಮಾತ್ರೆಗೆ ಬದಲಿಸುತ್ತಾರೆ. ಹಾಗಾಗಿ ಮುಟ್ಟು ತಪ್ಪಿದ ಕೂಡಲೇ ಪರೀಕ್ಷೆ ಮಾಡಿಕೊಂಡು ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಭೇಟಿಯ ತನಕ ಕಾಯಬೇಡಿ. ಮೊದಲು ಗ್ರೇವ್ಸ್ ಇದ್ದು ಗ್ರಂಥಿ ತೆಗೆಸಿಕೊಂಡವರೂ ಇದನ್ನು ಹೇಳಬೇಕು. ಅವರ ರಕ್ತದಲ್ಲಿ ಪ್ರತಿಕಾಯ ಉಳಿದಿದ್ದರೆ ಅದು ಮಾಸು ದಾಟಿ ಮಗುವಿನ ಥೈರಾಯ್ಡನ್ನು ತಿವಿಯಬಹುದು.

ಬಸಿರಿನ ಮೊದಲ ತಿಂಗಳುಗಳಲ್ಲಿ, ಅದರಲ್ಲೂ ವಾಂತಿ ಜೋರಾಗಿರುವವರಲ್ಲಿ, ಬಸಿರಿನ ಹಾರ್ಮೋನಿನಿಂದಲೇ ಟಿಎಸ್‌ಎಚ್ ಇಳಿಯುವುದುಂಟು. ಅದು ಕಾಯಿಲೆಯಲ್ಲ, ತಾನಾಗಿ ಸರಿಹೋಗುತ್ತದೆ.

ಹೆರಿಗೆಯಾದ ಮೊದಲ ಆರು ತಿಂಗಳಲ್ಲಿ ಉರಿಯೂತದಿಂದ ಥೈರಾಯ್ಡ್ ಜಾಸ್ತಿಯಾಗಿ, ಆಮೇಲೆ ಕಮ್ಮಿಯಾಗುವ ಒಂದು ಬಗೆ ಇದೆ. ಎದೆಬಡಿತ, ನಿದ್ದೆಗೇಡು, ಸುಸ್ತು, ಅಳು. ಮಗು ರಾತ್ರಿ ಎಬ್ಬಿಸುವುದರಿಂದ ಹೀಗೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಾಣಂತಿ ಹೀಗಿದ್ದರೆ ಮನೆಯವರೇ ಮುಂದಾಗಿ ರಕ್ತ ಪರೀಕ್ಷೆ ಮಾಡಿಸಲಿ. ಹಾಲುಣಿಸುವಾಗ ಸಣ್ಣ ಡೋಸಿನ ಮಾತ್ರೆ ತಗೊಳ್ಳಲು ಅಡ್ಡಿಯಿಲ್ಲ, ಡೋಸ್ ಡಾಕ್ಟರೇ ನಿರ್ಧರಿಸಬೇಕು.

ಉಪ್ಪು ಬಿಡಬೇಕಾ? ಪಥ್ಯ ಏನು?

ಅಡುಗೆಯಲ್ಲಿ ಮಾಮೂಲಾಗಿ ಬಳಸುವ ಅಯೋಡಿನ್ ಉಪ್ಪು ಬಿಡಬೇಕಿಲ್ಲ. ದೊಡ್ಡವರಿಗೆ ದಿನಕ್ಕೆ ಸುಮಾರು 150 ಮೈಕ್ರೋಗ್ರಾಂ ಅಯೋಡಿನ್ ಬೇಕೇ ಬೇಕು. ಬಿಡಬೇಕಾದದ್ದು ಸಮುದ್ರಪಾಚಿಯ ಕ್ಯಾಪ್ಸೂಲ್, ಥೈರಾಯ್ಡಿಗೆ ಒಳ್ಳೆಯದು ಎಂದು ಮಾರುವ ಅಯೋಡಿನ್ ಹನಿ, ಪುಡಿಗಳು. ರೇಡಿಯೋ ಅಯೋಡಿನ್ ತಗೊಳ್ಳುವ ಮೊದಲು ಕೆಲವರಿಗೆ ಕೆಲವು ದಿನ ಅಯೋಡಿನ್ ಕಮ್ಮಿ ಮಾಡಲು ಹೇಳುತ್ತಾರೆ, ಅದು ಬೇರೆ ಮಾತು. ಎದೆಬಡಿತ ಹತೋಟಿಗೆ ಬರುವ ತನಕ ಕಾಫಿ, ಟೀ ಕಮ್ಮಿ ಮಾಡಿ. ಪಥ್ಯದಿಂದಲೇ ಗ್ರೇವ್ಸ್ ವಾಸಿ ಮಾಡುತ್ತೇವೆ ಎನ್ನುವವರ ಮಾತು ನಂಬಿ ಮಾತ್ರೆ ಬಿಡಬೇಡಿ.

ಚಿಕಿತ್ಸೆ ಶುರುವಾದ ಮೇಲೆ ದಪ್ಪ ಆಗುತ್ತಿದ್ದೇನೆ. ಯಾಕೆ?

ಕಳೆದುಕೊಂಡ ತೂಕ ಮರಳುವುದು ವಾಸಿಯಾಗುತ್ತಿರುವುದರ ಗುರುತು. ಆದರೆ ಕಾಯಿಲೆ ಇದ್ದಾಗ ರೂಢಿಯಾದ ಊಟದ ಪ್ರಮಾಣ ಹಾಗೇ ಉಳಿದರೆ ತೂಕ ಹಳೆಯದನ್ನೂ ದಾಟುತ್ತದೆ. ಮಾತ್ರೆಯ ಡೋಸ್ ಜಾಸ್ತಿಯಾಗಿ ಥೈರಾಯ್ಡ್ ಕಮ್ಮಿಯ ಕಡೆ ಹೊರಳಿರಲೂಬಹುದು, ಅದನ್ನು ರಕ್ತ ಪರೀಕ್ಷೆ ಹೇಳುತ್ತದೆ. ತೂಕದ ಹೆದರಿಕೆಯಿಂದ ಗುಟ್ಟಾಗಿ ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ.

ಟಿಎಸ್‌ಎಚ್ ಮಾತ್ರ ಕಮ್ಮಿ, ಟಿ3 ಟಿ4 ಸರಿ ಇದೆ. ಚಿಕಿತ್ಸೆ ಬೇಕಾ?

ಎಲ್ಲರಿಗೂ ಬೇಡ. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ, ಎಷ್ಟೋ ಸಲ ತಾನಾಗಿ ಸರಿಹೋಗಿರುತ್ತದೆ. 65 ದಾಟಿದವರಲ್ಲಿ 0.1ಕ್ಕಿಂತ ಕೆಳಗೇ ನಿಂತಿದ್ದರೆ ಹೃದಯ, ಮೂಳೆ ಕಾಪಾಡಲು ಚಿಕಿತ್ಸೆ ಕೊಡುವುದು ರೂಢಿ.

ಮಕ್ಕಳಿಗೂ ಬರುತ್ತದಾ?

ಅಪರೂಪ, ಆದರೆ ಬರುತ್ತದೆ. ಕಾರಣ ಹೆಚ್ಚಾಗಿ ಗ್ರೇವ್ಸ್. ಒಂದು ಕಡೆ ಕೂರದಿರುವುದು, ಓದಿನಲ್ಲಿ ಹಿಂದೆ ಬೀಳುವುದು, ಕೈಬರಹ ಕೆಡುವುದು, ಎತ್ತರ ಸರಸರ ಏರುವುದು. ತುಂಟತನ ಎಂದು ಗದರುವ ಮೊದಲು ಮಗುವಿನ ಕುತ್ತಿಗೆ ಮತ್ತು ನಾಡಿ ನೋಡಿ.

ತಕ್ಷಣ ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ?

ಜೋರು ಜ್ವರ, ಮಿತಿಮೀರಿದ ಎದೆಬಡಿತ, ವಾಂತಿ ಭೇದಿ, ಜೊತೆಗೆ ಮಾತು ತಡವರಿಸುವುದು, ಗುರುತು ತಪ್ಪುವುದು, ಎಚ್ಚರ ಮಂಕಾಗುವುದು. ಇದು ಥೈರಾಯ್ಡ್ ಸ್ಟಾರ್ಮ್ ಇರಬಹುದು. ಅಪರೂಪ, ಆದರೆ ಆಸ್ಪತ್ರೆಯಲ್ಲಿದ್ದರೂ ಜೀವ ಹೋಗುವಷ್ಟು ತೀವ್ರ. ಮಾತ್ರೆ ದಿಢೀರ್ ನಿಲ್ಲಿಸಿದಾಗ, ದೊಡ್ಡ ಸೋಂಕು ಆದಾಗ, ಥೈರಾಯ್ಡ್ ಹತೋಟಿಯಲ್ಲಿಲ್ಲದೆ ಬೇರೆ ಆಪರೇಷನ್ ಮಾಡಿಸಿಕೊಂಡಾಗ ಇದು ಕೆರಳುತ್ತದೆ. ಹಲ್ಲು ಕೀಳಿಸುವುದಿದ್ದರೂ ಸರಿ, ಥೈರಾಯ್ಡ್ ಜಾಸ್ತಿ ಇದೆ ಎಂದು ಮೊದಲೇ ಹೇಳಿ.

ಗಂಡಸರಲ್ಲಿ ಕಾಣುವ ಇನ್ನೊಂದು ತುರ್ತು ಇದೆ. ಭರ್ತಿ ಊಟ ಮಾಡಿ ಮಲಗಿದವರು ಅಥವಾ ಮೈಮುರಿದು ದುಡಿದು ವಿಶ್ರಾಂತಿ ತಗೊಂಡವರು ಎದ್ದಾಗ ಕಾಲು ಎತ್ತಲಾಗುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಕುಸಿದಿರುತ್ತದೆ. ಏಷ್ಯಾ ಮೂಲದ ಯುವಕರಲ್ಲಿ ಇದು ಜಾಸ್ತಿ. ಹೃದಯದ ತಾಳ ಕೆಡಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ಹತೋಟಿಗೆ ಬಂದರೆ ಈ ಸೋಲು ಮತ್ತೆ ಬರುವುದಿಲ್ಲ.

ಬೇರೆ ಮಾತ್ರೆಗಳ ಜೊತೆ ಏನಾದರೂ ತೊಡಕಿದೆಯಾ?

ರಕ್ತ ತೆಳುಮಾಡುವ ವಾರ್ಫರಿನ್ ತಗೊಳ್ಳುವವರಿಗೆ ಥೈರಾಯ್ಡ್ ಇಳಿದಂತೆ ಅದರ ಡೋಸ್ ಬದಲಾಗುತ್ತದೆ, ರಕ್ತ ಪರೀಕ್ಷೆ ಬೇಗಬೇಗ ಬೇಕು. ಮೂಗು ಕಟ್ಟಿದ್ದಕ್ಕೆ ಅಂಗಡಿಯಲ್ಲಿ ಸಿಗುವ ಕೆಲವು ಶೀತದ ಮಾತ್ರೆಗಳು ಎದೆಬಡಿತ ಏರಿಸುತ್ತವೆ, ಕೇಳದೆ ತಗೊಳ್ಳಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಥೈರಾಯ್ಡ್ ಜಾಸ್ತಿ ಇರುವ ತನಕ ಸಕ್ಕರೆ ಏರುಪೇರಾಗುತ್ತದೆ. ಹತೋಟಿಗೆ ಬಂದ ಮೇಲೆ ಹಳೆಯ ಡೋಸೇ ಜಾಸ್ತಿಯಾಗಿ ಸಕ್ಕರೆ ಇಳಿಯಬಹುದು, ಆ ವಾರಗಳಲ್ಲಿ ಮೀಟರಿನಲ್ಲಿ ಮಾಮೂಲಿಗಿಂತ ಹೆಚ್ಚು ಸಲ ನೋಡಿಕೊಳ್ಳಿ.